ಮೂಲೆಯ ಪೆಟ್ಟಿಗೆಯಲ್ಲಿ ನನ್ನ ಮುಖ

ಜೂನ್ 4, ಬೆಳಿಗ್ಗೆ

ಕ್ಯಾಪ್ಸೂಲ್ ನುಂಗಿದ್ದಾಯಿತು. ಖಾಲಿ ಹೊಟ್ಟೆಗೆ ಬೇಡ, ಜಿಡ್ಡಿನ ಜೊತೆ ಹೋದರೇ ಮೈಗೆ ಹತ್ತುವುದು ಎಂದಿದ್ದಾರೆ ಚರ್ಮದ ಡಾಕ್ಟರು. ಅದಕ್ಕೇ ಬ್ರೆಡ್ಡಿಗೆ ಬೆಣ್ಣೆ, ದಪ್ಪಗೆ. ಮೊಡವೆ ಬರುತ್ತದೆ ಎಂದು ಬೆಣ್ಣೆ ಮುಟ್ಟಲು ಬಿಡದೆ ಬೆಳೆಸಿದ ಚಿಕ್ಕಮ್ಮ ಇದನ್ನು ನೋಡಬೇಕಿತ್ತು.

ವಯಸ್ಸು ಮೂವತ್ತೇಳು. ಕಿವಿಯ ಹತ್ತಿರ ಬಿಳಿಕೂದಲು, ಗಲ್ಲದ ತುಂಬ ಮೊಡವೆ. ಎರಡೂ ಒಟ್ಟಿಗೆ ಬರಬಾರದೆಂದು ಅವಕ್ಕೆ ಯಾರೂ ಹೇಳಿಲ್ಲ. ಮುಲಾಮು ಆಯಿತು, ಆಂಟಿಬಯಾಟಿಕ್ ಆಯಿತು, ಹಾರ್ಮೋನ್ ಮಾತ್ರೆ ಆಯಿತು. ಒಂದೊಂದೂ ನಾಲ್ಕು ದಿನ ಆಸೆ ತೋರಿಸಿ ಕೈಕೊಟ್ಟವು. ಈಗ ಇದು, ಮೂರು ವಾರದಿಂದ. ಶುರುವಿನಲ್ಲಿ ಜಾಸ್ತಿಯಾಗಬಹುದು, ಹೆದರಬೇಡಿ ಎಂದಿದ್ದರು. ಜಾಸ್ತಿಯಾಗಿದೆ. ಎಡಗೆನ್ನೆ ಮುಟ್ಟಿದರೆ ಜೀವ ಹೋಗುತ್ತದೆ. ತುಟಿ ಒಡೆದಿದೆ, ನಕ್ಕರೆ ರಕ್ತ.

ನನ್ನ ಕೆಲಸಕ್ಕೆ ಮುಖ ಬೇಕು. ಸಂಜೆಯ ಟಿವಿ ಸುದ್ದಿಯ ಮೂಲೆಯ ಪೆಟ್ಟಿಗೆಯಲ್ಲಿ ನಿಂತು, ಕಿವಿ ಕೇಳದವರಿಗೆ ಸನ್ನೆಯಲ್ಲಿ ಸುದ್ದಿ ಹೇಳುವವಳು ನಾನು. ಎಲ್ಲರೂ ಕೈ ನೋಡುತ್ತಾರೆ ಎಂದೇ ಜನ ತಿಳಿದಿದ್ದಾರೆ. ಕೇಳದವರು ನೋಡುವುದು ಮುಖವನ್ನು. ಕೈ ‘ಗಾಳಿ’ ಎಂದಷ್ಟೇ ಹೇಳುತ್ತದೆ. ಎಂಥ ಗಾಳಿ ಎಂದು ಹೇಳುವುದು ಕೆನ್ನೆ... ಉಬ್ಬಿಸಿದರೆ ಬಿರುಗಾಳಿ, ತುಟಿ ಬಿಗಿಹಿಡಿದರೆ ಬರೀ ತಂಗಾಳಿ.

ಇದೆಲ್ಲ ಅಮ್ಮನಿಂದ ಬಂದದ್ದು. ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಾನು ಮೊದಲು ಆಡಿದ ಮಾತು ಕೈಯಲ್ಲೇ ಆಡಿದ್ದು. ‘ಹಾಲು’ ಅಂತೆ.

ಜೂನ್ 5

ಮೇಕಪ್ಪಿನವನು ಪೌಡರ್ ಒತ್ತಿದ. ಒಣಗಿದ ಚರ್ಮ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಹಳೇ ಗೋಡೆಗೆ ಸುಣ್ಣ ಬಳಿದ ಹಾಗೆ. ಪಾಪ, ಅವನೇ ಸಾರಿ ಎಂದ.

ಆಗ ವಾಚ್ ಬಂದ. ನಮ್ಮ ಪ್ರೊಡ್ಯೂಸರ್. ಮಾತಿಗೊಮ್ಮೆ ಮಣಿಕಟ್ಟು ತಟ್ಟುತ್ತಾನೆಂದು ಅಮ್ಮನ ಕಿವುಡರ ಸಂಘದವರು ಇಟ್ಟ ಹೆಸರು. ಕೇಳದವರಲ್ಲಿ ಎಲ್ಲರಿಗೂ ಒಂದು ಸನ್ನೆಯ ಹೆಸರಿರುತ್ತದೆ, ಕಣ್ಣಿಗೆ ಏನು ಬಿತ್ತೋ ಅದೇ. ಉಬ್ಬುಹಲ್ಲಿನವನು ಹಲ್ಲು. ಕುಂಟುವವಳು ಕುಂಟು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನದು, ಎರಡು ಬೆರಳಿಂದ ಕೆನ್ನೆ ತಟ್ಟುವುದು. ಮೊಡವೆ. ಹೈಸ್ಕೂಲಿನಲ್ಲಿದ್ದಾಗ ಇಟ್ಟದ್ದು. ಆಗ ಅತ್ತಿದ್ದೆ. ಈಗ ಹಾಗೆ ಕರೆದರೆ ತಿರುಗಿ ನೋಡುತ್ತೇನೆ, ಅಷ್ಟೆ.

ವಾಚ್ ನನ್ನನ್ನು ಬಿಟ್ಟು ಮೇಕಪ್ಪಿನವನ ಜೊತೆ ಮಾತಾಡಿದ. ಬೆಳಕು ಕಮ್ಮಿ ಮಾಡಿ, ಇನ್ನೊಂದು ಕೋಟ್ ಹಾಕಿ, ಏನಾದರೂ ಮಾಡಿ. ನಾನೇನೋ ಸೋರುವ ನಲ್ಲಿ ಅನ್ನುವ ಹಾಗೆ. ಕೊನೆಗೆ ನನ್ನ ಕಡೆ ತಿರುಗಿದ.

"ಮೇಡಂ, ಗುಣ ಆಗೋವರೆಗೂ ರಜ ತಗೊಳ್ಳಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಗುಣ ಆಗೋಕೆ ಆರು ತಿಂಗಳಾದ್ರೂ ಬೇಕು ಸಾರ್. ಅಲ್ಲಿವರೆಗೂ ಸುದ್ದಿ ನಿಲ್ಲಿಸ್ತೀರಾ?"

ಮಣಿಕಟ್ಟು ತಟ್ಟಿಕೊಂಡು ಹೋದ. ರಜ ಬೇಕಾದರೆ ನಾನೇ ಕೇಳುತ್ತೇನೆ. ಮೊಡವೆಗೆ ರಜ ಹಾಕುವ ಹಾಗಿದ್ದರೆ ನಾನು ಹತ್ತನೇ ಕ್ಲಾಸೇ ಮುಗಿಸುತ್ತಿರಲಿಲ್ಲ.

ಜೂನ್ 13

ರಕ್ತ ಪರೀಕ್ಷೆ. ಲಿವರ್ ಸರಿಯಿದೆ, ಕೊಬ್ಬಿನ ಅಂಶವೂ ಸರಿಯಿದೆ. ಡಾಕ್ಟರು ನಿದ್ದೆ ಹೇಗೆ, ಮನಸ್ಸು ಹೇಗೆ ಎಂದು ಕೇಳಿದರು. ಮನಸ್ಸಿಗೆ ಸಿಟ್ಟು ಬಂದಿದೆ ಎಂದೆ. ಅದು ಮಾತ್ರೆಯಿಂದ ಬಂದದ್ದೋ ಮೊದಲೇ ಇದ್ದದ್ದೋ ಎಂದರು. ಮೊದಲೇ ಇದ್ದದ್ದು. ನಕ್ಕರು. ಈ ಡಾಕ್ಟರು ನನಗೆ ಹಿಡಿಸಿದ್ದಾರೆ.

ಮೆಡಿಕಲ್ ಶಾಪಿನವನು ಮಾತ್ರ ಅಂಗಡಿಗೆಲ್ಲ ಕೇಳುವ ಹಾಗೆ, ಈ ಮಾತ್ರೆ ತಗೊಳ್ಳುವಾಗ ಬಸುರಾಗಬಾರದು, ಗೊತ್ತಲ್ಲ ಎಂದ. ನನಗೂ ಗೊತ್ತು, ಈಗ ಕ್ಯೂನಲ್ಲಿರೋರಿಗೂ ಗೊತ್ತಾಯ್ತು ಎಂದೆ. ಹಿಂದೆ ನಿಂತಿದ್ದ ಹೆಂಗಸಿಗೆ ನನಗಿಂತ ವಯಸ್ಸಾಗಿತ್ತು. ಹೊರಗೆ ಬಂದ ಮೇಲೆ ಸ್ಕಾರ್ಫ್ ಸರಿಸಿ ತನ್ನ ಗಲ್ಲ ತೋರಿಸಿದರು. ಡಾಕ್ಟರ ವಿಳಾಸ ಬರೆದುಕೊಟ್ಟೆ.

ಚಿಕ್ಕಮ್ಮನ ಫೋನ್. ಬೆಳಗಿನ ಎಂಜಲು ಹಚ್ಚು, ಆ ವಿಷದ ಗುಳಿಗೆ ಯಾಕೆ. ಮದುವೆಯಾದರೆ ತಾನೇ ಹೋಗುತ್ತದೆ ಎಂದು ಹಿಂದೆ ಇವಳೇ ಹೇಳುತ್ತಿದ್ದಳು. ಆಯಿತು. ಮದುವೆ ಹೋಯಿತು, ಮೊಡವೆ ಉಳಿಯಿತು.

ಜೂನ್ 20

ವಾಚ್ ಇವತ್ತು ಬಾಯ್ತುಂಬ ನಗು. ಸ್ಕ್ರೀನ್ ಮೇಲೆ ಸೂಪರ್ ಆಗಿ ಕಾಣ್ತಿದೀರ ಮೇಡಂ, ಟ್ರೀಟ್‌ಮೆಂಟ್ ಕೆಲಸ ಮಾಡ್ತಿದೆ ಎಂದ. ಕನ್ನಡಿ ಹಾಗೆ ಹೇಳಿರಲಿಲ್ಲ. ಆದರೂ ಖುಷಿಯಾಯಿತು... ಅವನ ಮಾತಿಗೆ ಖುಷಿಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಬಸ್ಸಿನ ಕಿಟಕಿಯಲ್ಲಿ ಎರಡು ಮೂರು ಸಲ ಮುಖ ನೋಡಿಕೊಂಡೆ.

ಮನೆಗೆ ಬಂದರೆ ಅಮ್ಮ ಟಿವಿ ಆರಿಸಿ ಕೂತಿದ್ದಾಳೆ. ನನ್ನ ಸುದ್ದಿ ಒಂದು ದಿನವೂ ಬಿಡದವಳು. ಏನಾಯಿತು ಎಂದು ಕೇಳಿದೆ. ಹುಷಾರಿಲ್ವಾ ಎಂದು ನನ್ನನ್ನೇ ಕೇಳಿದಳು. ಕೈ ಇತ್ತಂತೆ, ಮುಖ ಇರಲಿಲ್ಲವಂತೆ. ಮೊದಲ ಸುದ್ದಿಯಿಂದ ಕೊನೆಯವರೆಗೂ ಒಂದೇ ಥರ ಇತ್ತಂತೆ.

ಜೂನ್ 22

ಸಂಘದವರದೂ ಅದೇ ಮಾತು. ನಿದ್ದೆಗಣ್ಣಲ್ಲಿ ಹೇಳುತ್ತಿದ್ದೀಯಾ, ಸಾವೂ ಮದುವೆಯೂ ಒಂದೇ ಥರ ಕಾಣುತ್ತದೆ ಎಂದು ಮೆಸೇಜು.

ಕನ್ನಡಿ ಮುಂದೆ ನಿಂತೆ. ಕೆನ್ನೆ ಉಬ್ಬಿಸಿದೆ. ಚರ್ಮ ಬಿಗಿ, ಉರಿ, ತುಟಿಯ ಮೂಲೆ ಮತ್ತೆ ಒಡೆಯಿತು. ನೋವಿಗೆ ಹೆದರಿ ನನಗೇ ಗೊತ್ತಿಲ್ಲದೆ ಅರ್ಧಕ್ಕೇ ನಿಲ್ಲಿಸುತ್ತಿದ್ದೇನೆಯೇ? ಮುಖ ಚೆನ್ನಾಗಲಿ ಎಂದು ನುಂಗಿದ್ದು ಮುಖವನ್ನೇ ಕಟ್ಟಿಹಾಕಿತೇ?

ಈ ಕೆಲಸ ಹೋದರೆ ನನ್ನ ಹತ್ತಿರ ಬೇರೇನೂ ಇಲ್ಲ. ಭಯವಾಗುತ್ತಿದೆ. ಇವತ್ತು ಕ್ಯಾಪ್ಸೂಲ್ ತೆಗೆದುಕೊಳ್ಳಲಿಲ್ಲ.

ಜೂನ್ 25

ಇವತ್ತೂ ಇಲ್ಲ. ಬೆಣ್ಣೆ ಮಾತ್ರ ತಿಂದೆ.

ಜುಲೈ 2

ನಿನ್ನೆ ಸಂಜೆ ಬಿರುಗಾಳಿಯ ಎಚ್ಚರಿಕೆ ಓದಿದರು. ಹೇಳಿದೆ. ಉರಿದರೂ ಸರಿ ಎಂದು ಕೆನ್ನೆ ಪೂರ್ತಿ ಉಬ್ಬಿಸಿದೆ, ಕಣ್ಣು ಅಗಲಿಸಿದೆ. ಸಂದೇಹವೇ ಇಲ್ಲ.

ಸಂಘದ ಟೈಲರ್ ಸುದ್ದಿ ನೋಡಿ, ಅಂಗಡಿ ಮುಚ್ಚಿ ನಡೆದುಕೊಂಡೇ ಹೊರಟರಂತೆ. ದಾರಿಯಲ್ಲಿ ತಗಡಿನ ಬೋರ್ಡ್ ಹಾರಿ ಬಂದು ಹಣೆಗೆ ಬಡಿದಿದೆ. ಕಣ್ಣು ಉಳಿದದ್ದು ಪುಣ್ಯ. ಆಸ್ಪತ್ರೆಗೆ ಅಮ್ಮನ ಜೊತೆ ಹೋದೆ. ಬ್ಯಾಂಡೇಜ್ ಕಟ್ಟಿಕೊಂಡು ಕೂತಿದ್ದರು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಆಶ್ಚರ್ಯವಾದವರ ಹಾಗೆ ಕೈಯಲ್ಲಿ ಹೇಳಿದರು:

"ನೀನು ತಂಗಾಳಿ ಅಂದೆಯಲ್ಲಮ್ಮ."

ಇಲ್ಲ, ಬಿರುಗಾಳಿ ಅಂದೆ ಎಂದು ಮಾಡಿ ತೋರಿಸಿದೆ. ನನ್ನ ಕೆನ್ನೆಯನ್ನೇ ನೋಡುತ್ತ ತಲೆಯಾಡಿಸಿದರು. ಹೀಗಿರಲಿಲ್ಲ. ಅಮ್ಮನೂ ಹೀಗಿರಲಿಲ್ಲ ಎಂದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆ. ಉಪ್ಪುನೀರು ತಾಗಿ ಕೆನ್ನೆ ಚುರುಚುರು ಅಂದಿತು.

ಜುಲೈ 3, ಮಧ್ಯಾಹ್ನ

ಎಡಿಟ್ ರೂಮಿಗೆ ಹೋಗಿ ಮೊನ್ನೆಯ ರೆಕಾರ್ಡಿಂಗ್ ಹಾಕಿಸಿದೆ. ಲೈವ್ ಹೋಗುವವಳು ತನ್ನ ಸುದ್ದಿಯನ್ನು ಯಾವತ್ತು ನೋಡುತ್ತಾಳೆ? ಪೆಟ್ಟಿಗೆಯಲ್ಲಿ ಯಾರೋ ನಿಂತಿದ್ದಳು. ನನ್ನ ಸೀರೆ, ನನ್ನ ಕೈ. ಮುಖ ಮಾತ್ರ ಸೋಪಿನ ಜಾಹೀರಾತಿನದು. ಒಂದು ಮೊಡವೆಯಿಲ್ಲ, ಹಣೆಯಲ್ಲಿ ಗೆರೆಯಿಲ್ಲ. ನಾನು ಕೆನ್ನೆ ಉಬ್ಬಿಸಿದ ಕಡೆಯಲ್ಲೆಲ್ಲ ಅದು ಒತ್ತಿ ಒಳಗೆ ತಳ್ಳಿದೆ. ಬಿರುಗಾಳಿ ಬಂದಿದೆ, ಹೆಂಗಸು ಹಿತವಾಗಿ ನಿಂತಿದ್ದಾಳೆ.

ಗ್ರಾಫಿಕ್ಸಿನವನು ತಲೆ ತಗ್ಗಿಸಿಕೊಂಡೇ ಹೇಳಿದ.

"ಬ್ಯೂಟಿ ಫಿಲ್ಟರ್ ಮೇಡಂ. ಸ್ಕಿನ್ ಒಂದೇ ಕೇಳಿದ್ರು. ಆದ್ರೆ ಅದು ಒಟ್ಟಿಗೇ ಬರೋದು. ಮೊಡವೆ ತೆಗೆಯುತ್ತೆ, ಸುಕ್ಕು ತೆಗೆಯುತ್ತೆ, ಕೆನ್ನೆ ಸಣ್ಣ ಮಾಡುತ್ತೆ."

ಯಾವತ್ತಿನಿಂದ ಎಂದು ಕೇಳಿದೆ. ವಾಚ್ ನನ್ನನ್ನು ಹೊಗಳಿದ ದಿನದಿಂದ.

ನನ್ನ ಮುಖಕ್ಕೆ ಏನೂ ಆಗಿರಲಿಲ್ಲ. ಮಾತ್ರೆಯ ತಪ್ಪೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಡಾಕ್ಟರಿಗೆ ಫೋನ್ ಮಾಡಿದೆ. ನಿಲ್ಲಿಸುವ ಮುಂಚೆ ನನ್ನನ್ನು ಕೇಳಬೇಕಿತ್ತು ಎಂದು ಚೆನ್ನಾಗಿ ಬೈದರು. ಬಿಟ್ಟದ್ದನ್ನು ಸೇರಿಸಿ ನುಂಗಬೇಡಿ, ಮೊದಲಿನ ಹಾಗೇ ಶುರು ಮಾಡಿ. ಕ್ಯಾಂಟೀನಿಗೆ ಹೋಗಿ ಎರಡು ಮೊಟ್ಟೆಯ ಆಮ್ಲೆಟ್ ಹೇಳಿದೆ. ಅದರ ಜೊತೆ ಕ್ಯಾಪ್ಸೂಲ್.

ಜುಲೈ 3, ಸಂಜೆ

ವಾಚ್ ಹತ್ತಿರ ಹೋಗಿ ಟೈಲರ್ ವಿಷಯ ಹೇಳಿದೆ. ಅಯ್ಯೋ ಪಾಪ ಎಂದ. ಫಿಲ್ಟರ್ ತೆಗೆಯಿರಿ ಎಂದೆ. ಮುಖ ಸರಿಹೋದ ದಿನ ತೆಗೆಯುತ್ತಾನಂತೆ. ನೋಡುಗರಿಗೆ ಮುಜುಗರ ಆಗಬಾರದಂತೆ.

"ಯಾವ ನೋಡುಗರು ಸಾರ್? ಆ ಪೆಟ್ಟಿಗೆ ನೋಡೋರು ನನ್ನನ್ನ ಮೊಡವೆ ಅಂತಲೇ ಕರೆಯೋದು."

ಅವನಿಗೆ ಅರ್ಥವಾಗಲಿಲ್ಲ. ಟೈಮಾಯ್ತು ಎಂದು ಮಣಿಕಟ್ಟು ತಟ್ಟಿದ.

ಹೋಗಿ ನಿಂತೆ. ಈ ಕೆಲಸಕ್ಕೆ ಒಂದೇ ನಿಯಮ. ಓದಿದ್ದನ್ನು ಹೇಳು, ನಿನ್ನದೊಂದು ಮಾತು ಸೇರಿಸಬೇಡ. ಸೇರಿದ ದಿನದಿಂದ ಪಾಲಿಸಿದ್ದೇನೆ. ಸಚಿವರು ಸುಳ್ಳು ಹೇಳುವಾಗಲೂ ಹುಬ್ಬು ಹಾರಿಸಿದವಳಲ್ಲ. ಇವತ್ತು ಸುದ್ದಿ ಮುಗಿದು ಮ್ಯೂಸಿಕ್ ಬರುವಾಗ ಸೇರಿಸಿದೆ. ಈ ಪೆಟ್ಟಿಗೆಯಲ್ಲಿರುವುದು ನನ್ನ ಮುಖವಲ್ಲ. ನನಗೆ ಮೊಡವೆಯಿದೆಯೆಂದು ಮೆಷಿನ್ ಹಾಕಿ ಅಳಿಸಿದ್ದಾರೆ, ಜೊತೆಗೆ ನನ್ನ ಮಾತನ್ನೂ ಅಳಿಸಿದ್ದಾರೆ. ಈ ಮುಖವನ್ನು ನಂಬಬೇಡಿ. ಗಾಳಿ ಮಳೆ ಬಂದರೆ ಕೆಳಗೆ ಓಡುವ ಅಕ್ಷರ ಓದಿ, ಓದು ಬಾರದವರು ಪಕ್ಕದವರನ್ನು ಕೇಳಿ.

ಸ್ಟುಡಿಯೋದಲ್ಲಿ ಅಷ್ಟು ಜನರಿದ್ದರು. ಒಬ್ಬರಿಗೂ ತಿಳಿಯಲಿಲ್ಲ. ವಾಚ್ ಗುಡ್ ಜಾಬ್ ಎಂದ. ತಪ್ಪು ಮಾಡಿದೆ ಅನ್ನಿಸುತ್ತಿಲ್ಲ, ಸ್ವಲ್ಪವೂ ಇಲ್ಲ.

ಜುಲೈ 4

ತಿಳಿಯಿತು. ಚಾನೆಲ್ಲಿಗೆ ನೂರಾರು ಮೆಸೇಜಂತೆ. ಯಾವನೋ ವೀಡಿಯೋಗೆ ನನ್ನ ಮಾತನ್ನು ಅಕ್ಷರದಲ್ಲಿ ಬರೆದು ಹಾಕಿದ್ದಾನೆ. ವಾಚ್ ಫೋನಿನಲ್ಲಿ ಕೂಗಾಡಿದ. ನಂಬಿಕೆದ್ರೋಹ ಎಂದ, ಶಿಸ್ತು ಎಂದ. ಮುಂದೆ ಹೇಳುವವರೆಗೂ ಬರಬೇಡಿ ಎಂದ. ಸರಿ ಎಂದೆ. ಕ್ಷಮೆ ಕೇಳ್ತೀರಾ ಎಂದ. ಟೈಲರ್ ಹಣೆಗೆ ಹೊಲಿಗೆ ಹಾಕಿದ್ದಾರೆ ಸಾರ್, ಯಾರು ಕೇಳಬೇಕು ಎಂದೆ. ಫೋನ್ ಇಟ್ಟುಬಿಟ್ಟ.

ಜುಲೈ 18

ಮನೆ. ಬೆಳಿಗ್ಗೆ ಬೆಣ್ಣೆ ಬ್ರೆಡ್ಡು, ಕ್ಯಾಪ್ಸೂಲ್, ಮೂಗಿಗೆ ವ್ಯಾಸಲೀನ್. ಬಲಗೆನ್ನೆ ಇಳಿಯುತ್ತಿದೆ. ಎಡದ್ದು ಹಠಮಾರಿ, ನನ್ನ ಹಾಗೆ. ಕೆಲಸವಿಲ್ಲದವಳಿಗೆ ಮುಖ ಯಾಕೆ ಎಂದು ಚಿಕ್ಕಮ್ಮ ಕೇಳಿದಳು. ನನಗೆ ಬೇಕು ಚಿಕ್ಕಮ್ಮ. ನಾಳೆ ವಾಚ್ ಬಂದು ಕಾಲಿಗೆ ಬಿದ್ದರೂ ಬೇಕು, ಬೀಳದಿದ್ದರೂ ಬೇಕು. ದಿಂಬಿಗೆ ಕೆನ್ನೆಯಿಟ್ಟು ಮಲಗುವುದಕ್ಕೆ ಬೇಕು.

ಪೆಟ್ಟಿಗೆಯಲ್ಲಿ ಈಗ ಹೊಸ ಹುಡುಗಿ. ನನ್ನ ಹತ್ತಿರವೇ ಕಲಿತವಳು, ಕೆನ್ನೆ ಕನ್ನಡಿಯ ಹಾಗಿದೆ. ಅವಳಿಗೂ ಫಿಲ್ಟರ್. ಮೊಡವೆಯಿಲ್ಲದವಳಿಗೂ! ಅಮ್ಮ ಅವಳನ್ನು ನೋಡಿ ಟಿವಿಗೆ ಬಟ್ಟೆ ಹೊದಿಸಿದಳು.

ಜುಲೈ 31

ನಾಳೆ ರಾತ್ರಿ ಚಂಡಮಾರುತ ಬರುತ್ತದಂತೆ. ಹೋದ ಸಲದ್ದಕ್ಕಿಂತ ದೊಡ್ಡದು. ಆ ಮುಖ ಹಾಕಿಕೊಂಡು ನಾನು ಚಂಡಮಾರುತದ ಸುದ್ದಿ ಹೇಳಲ್ಲ ಎಂದು ಹೊಸ ಹುಡುಗಿ ಇವತ್ತು ಕೈಕಟ್ಟಿ ಕೂತಳಂತೆ. ಫೋನಿನಲ್ಲಿ ಅವಳೇ ಹೇಳಿದಳು, ಅಳುತ್ತ. ಭೇಷ್ ಎಂದೆ.

ಅರ್ಧ ಗಂಟೆಯಲ್ಲಿ ವಾಚ್‌ನ ಫೋನ್. ದನಿ ಇಳಿದಿತ್ತು. ನಾಳೆ ಬನ್ನಿ, ಫಿಲ್ಟರ್ ತೆಗೆಸಿದ್ದೇನೆ ಎಂದ. ನಿಮ್ಮ ಮಾತು ನಂಬಲ್ಲ ಸಾರ್ ಎಂದೆ. ಅಮ್ಮನನ್ನು ಕರೆತರುತ್ತೇನೆ, ಕಂಟ್ರೋಲ್ ರೂಮಿನಲ್ಲಿ ಮಾನಿಟರ್ ಮುಂದೆ ಕೂರಿಸಿ. ಅವಳು ಹ್ಞೂ ಅಂದರೆ ನಾನು ಶುರು ಮಾಡುತ್ತೇನೆ. ನಾಳೆ ಮಾತ್ರ ಅಲ್ಲ, ದಿನಾ ಸಂಘದಿಂದ ಒಬ್ಬರು. ಮೇಕಪ್ ಬೇಡ, ಚರ್ಮ ಸುಲಿಯುತ್ತದೆ. ಬೆಳಕು ಕಮ್ಮಿ ಮಾಡುವ ಹಾಗಿಲ್ಲ.

ಆಯ್ತು ಮೇಡಂ ಎಂದ.

ಆಗಸ್ಟ್ 1, ಸಂಜೆ, ಸ್ಟುಡಿಯೋ

ನಿಂತೇ ಬರೆಯುತ್ತಿದ್ದೇನೆ. ದೀಪಗಳೆಲ್ಲ ಪೂರ್ತಿ. ತೊಳೆದ ಮುಖ, ಹಾಗೇ. ಎಡಗೆನ್ನೆಯಲ್ಲಿ ಇವತ್ತು ಹೊಸದೊಂದು ಎದ್ದಿದೆ, ಕೆಂಪಗೆ, ಮುಹೂರ್ತ ನೋಡಿಕೊಂಡು ಬಂದ ಹಾಗೆ. ಇರಲಿ.

ಅಮ್ಮ ಗಾಜಿನಾಚೆ ಕೂತಿದ್ದಾಳೆ, ಒಳ್ಳೆಯ ಸೀರೆಯುಟ್ಟು. ಈಗಷ್ಟೇ ಟ್ರಯಲ್ ಆಯಿತು. ಗಾಳಿ ಎಂದೆ, ಉರಿಯುವಷ್ಟು ಕೆನ್ನೆ ಉಬ್ಬಿಸಿದೆ. ಮಾನಿಟರ್ ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ವಾಚ್ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ಅಮ್ಮ ಅವನ ಬೆನ್ನ ಹಿಂದಿನಿಂದ ಬಗ್ಗಿ ನನಗೆ ಕೈಯಲ್ಲಿ ಹೇಳಿದಳು.

ಏನಂದರು ಎಂದು ವಾಚ್ ಮೈಕಿನಲ್ಲಿ ಕೇಳಿದ. ಒಂದಕ್ಷರ ಬಿಡದೆ ಹೇಳಿದೆ.

"ಎಲ್ಲಾ ಕಾಣ್ತಿದೆ. ಗಾಳಿನೂ ಕಾಣ್ತಿದೆ, ಮೊಡವೆನೂ ಕಾಣ್ತಿದೆ. ಇವನೊಬ್ಬ ಅಡ್ಡ ನಿಂತಿದಾನೆ, ಸರಿಯೋಕೆ ಹೇಳು. ನೀನು ಶುರು ಮಾಡು."

ಸರಿದು ನಿಂತ. ಕೆಂಪು ದೀಪ ಹತ್ತಿತು, ಇನ್ನು—