ಕಜ್ಜಾಯದ ಸಾಕ್ಷಿ

ನನ್ನ ಚಿಕ್ಕವ್ವ ಮಾದೇವಮ್ಮನಿಗೆ,

ಒಳಗೆ ನಿನಗೆ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಬಂದು ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಹಿರಿಯರು ಉಣ್ಣುವಾಗ ನೋಡಬಾರದು ಎಂದು ನಮ್ಮನ್ನೆಲ್ಲ ಹೊರಗೆ ಅಟ್ಟುತ್ತಿದ್ದವಳು ನೀನೇ ಅಲ್ಲವೇ? ಈಗ ಒಳಗಿರುವವಳೂ ನೀನೇ. ನಿನ್ನ ನೀಲಿ ಸೀರೆ ಇಟ್ಟಿದ್ದೇನೆ, ಎಲೆಯಡಿಕೆ ಇಟ್ಟಿದ್ದೇನೆ. ಇನ್ನು ಕಜ್ಜಾಯ... ಅದರ ಕತೆಯನ್ನೇ ನಿನಗೆ ಹೇಳಬೇಕು.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ವಾರ್ಡು ಒರೆಸಿ ಮುಗಿಸಿ, ನೀನು ಸೂಪರ್‌ವೈಸರ್ ಮುಂದೆ ನಿಂತದ್ದು ನೆನಪಿದೆಯಾ? ಬೆಟ್ಟದ ಮೇಲಿನ ನಮ್ಮೂರು ತಿಗನಾರೆಯಿಂದ ಹೋದ ನಾವೆಲ್ಲ ನಿನ್ನ ಬೆನ್ನಿಗೆ ನಿಂತಿದ್ದೆವು. ಹಿರಿಯರ ಹಬ್ಬಕ್ಕೆ ಊರಿಗೆ ಹೋಗಿಬರುತ್ತೇವೆ ಎಂದು ನೀನು ತಮಿಳಿನಲ್ಲಿ ಕೇಳಿದೆ. ಅವನು ಫೋನಿನಿಂದ ಕಣ್ಣೆತ್ತದೆ ‘ಸರಿ ಸರಿ’ ಅಂದ. ಬರೆದುಕೊಡೋಣವಾ ಎಂದು ನಾನು ಕೇಳಿದ್ದಕ್ಕೆ ನೀನು ರೇಗಿದೆ. "ಸತ್ತೋರ್ಗೆ ಅನ್ನ ಇಕ್ಕಾಕೆ ಯಾರಾದ್ರೂ ಅರ್ಜಿ ಬರ್ಕೊಟ್ಟಾರಾ? ಬಾಯಲ್ಲಿ ಯೋಳಿವ್ನಲ್ಲ, ಸಾಕು ಕಣಮ್ಮಿ!"

ಎಡೆ ಇಟ್ಟು ಮರಳಿ ಹೋದಾಗ ಗೇಟು ಹಾಕಿತ್ತು. ಹೇಳದೆ ಕೇಳದೆ ನೀವಾಗೇ ಕೆಲಸ ಬಿಟ್ಟು ಓಡಿಹೋದಿರಿ, ಇನ್ನು ಬರಬೇಡಿ ಅಂದ ಸೂಪರ್‌ವೈಸರ್. ಉಳಿದವರನ್ನು ಎಬ್ಬಿಸಿಕೊಂಡು ಹೋದವಳು ಎಂಬ ಮಾತು ನಿನ್ನೊಬ್ಬಳ ಮೇಲೆ ಬೇರೆ. ನೀನು ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. "ನಮ್ಮೂರಲ್ಲಿ ಉಣ್ಲಿ ಅಂತ ಬಾಗ್ಲು ಆಕ್ತಾರೆ. ಇಲ್ಲಿ ಉಣ್ಬಾರ್ದು ಅಂತ ಆಕವ್ರೆ ನೋಡು" ಅಂದೆ. ಅಷ್ಟು ಸಂಕಟದಲ್ಲೂ ನಮಗೆ ನಗು ಬಂತು.

ಕಾರ್ಮಿಕ ಸಂಘದ ಸೆಲ್ವಿ ಅಕ್ಕನನ್ನು ನೀನು ಮೊದಲು ನಂಬಿರಲಿಲ್ಲ, ಅಲ್ಲವಾ? ಅವಳೂ ಅದೇ ಆಸ್ಪತ್ರೆಯಲ್ಲಿ ಕಸ ಗುಡಿಸುವವಳೇ. ಬೆಟ್ಟದವರಿಗೆ ಇಲ್ಲಿ ಯಾರೂ ದಿಕ್ಕಿಲ್ಲ ಅಂದುಕೊಂಡಿದ್ದಾರೆ, ನೋಡೇ ಬಿಡೋಣ ಅಂದಳು. ಶಿಫ್ಟ್ ಮುಗಿಸಿದ ತಮಿಳು ಹೆಂಗಸರು ಮನೆಗೆ ಹೋಗದೆ ನಮ್ಮ ಪಕ್ಕ ಬಂದು ಕೂತರು, ತಮ್ಮ ಬುತ್ತಿ ಬಿಚ್ಚಿದರು. ಆದರೆ ನಿನಗೆ ಜ್ವರ ಹಿಡಿಯಿತು. ನಿನ್ನನ್ನು ಊರಿಗೆ ಕರೆತರುವಾಗ ದಿಂಬಂ ಘಟ್ಟ ಹತ್ತುವ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, "ಕೆಲ್ಸ ಓದ್ರೆ ಓಗ್ಲಿ. ಓಡೋದೋಳು ಅನ್ನಿಸ್ಕೊಂಡು ಸಾಯ್ಬೇಕಾ ನಾನು?" ಅಂದೆ. ಊರು ಮುಟ್ಟಿ ಮಲಗಿದವಳು ನೀನು ಮತ್ತೆ ಏಳಲೇ ಇಲ್ಲ. ಇನ್ನೊಂದು ವಾರ ನೀನು ತಡೆದಿದ್ದರೆ...

ಈಗ ಕೇಳು. ಸಂಘ ಕೊಟ್ಟ ದೂರಿನ ಮೇಲೆ ಲೇಬರ್ ಆಫೀಸಿನಲ್ಲಿ ನಡೆದ ವಿಚಾರಣೆಯಲ್ಲಿ ಆ ಸೂಪರ್‌ವೈಸರ್ ಎದ್ದು ನಿಂತು, "ಇವರು ನನಗೆ ಏನೂ ಹೇಳಿಲ್ಲ ಸಾರ್. ಇವರಿಗೆ ಇಂಥದ್ದೊಂದು ಹಬ್ಬವಿದೆ ಅಂತಲೇ ನನಗೆ ಗೊತ್ತಿಲ್ಲ" ಅಂದ. ನನಗೆ ಮೈಯೆಲ್ಲ ಉರಿಯಿತು. ಪ್ರತಿ ವರ್ಷ ಎಡೆ ಇಳಿಸಿದ ಮೇಲೆ ನೀನು ಅವನಿಗೊಂದು ಪೊಟ್ಟಣ ಕಟ್ಟುತ್ತಿದ್ದೆಯಲ್ಲ? ನಾನು ಎದ್ದು, "ಹಾಗಾದರೆ ಹೋದ ವರ್ಷ ಇದೇ ಹಬ್ಬದ ಕಜ್ಜಾಯ ತಿಂದವರು ಯಾರು ಸಾರ್? ಇನ್ನೂ ಇದೆಯಾ ಅಂತ ಪೊಟ್ಟಣ ಕೊಡವಿ ನೋಡಿದವರು ಯಾರು?" ಎಂದು ಕೇಳಿದೆ. ಅವನು ತಡಬಡಿಸಿ, "ಎರಡೇ ತಿಂದದ್ದು ಸಾರ್!" ಅಂದುಬಿಟ್ಟ.

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. "ಹಬ್ಬವೇ ಗೊತ್ತಿಲ್ಲ ಅಂದಿರಿ?" ಅಂದರು. ಅಲ್ಲಿಂದ ಅವನ ಸುಳ್ಳು ಒಂದೊಂದೇ ಕಳಚಿಬಿತ್ತು. ‘ಸರಿ ಸರಿ’ ಅಂದದ್ದನ್ನೂ ಕೊನೆಗೆ ಒಪ್ಪಿಕೊಂಡ.

ನಾವೆಲ್ಲ ಗೆದ್ದೆವು ಚಿಕ್ಕವ್ವ! ಎಲ್ಲರಿಗೂ ಕೆಲಸ ವಾಪಸ್ ಬಂತು. ಗೇಟು ತೆಗೆದ ಬೆಳಿಗ್ಗೆ ಸೆಲ್ವಿ ಅಕ್ಕ ನಮ್ಮನ್ನು ಒಳಗೆ ಬಿಡಲಿಲ್ಲ. ಮೊದಲು ಮಾದೇವಮ್ಮನ ಮೇಲೆ ಹೊರಿಸಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿ ಎಂದು ಅಡ್ಡ ನಿಂತಳು. ಸೂಪರ್‌ವೈಸರ್ ಇಡೀ ಶಿಫ್ಟಿನ ಮುಂದೆ, ಮಾದೇವಮ್ಮ ಓಡಿಹೋದವಳಲ್ಲ, ನನಗೆ ಹೇಳಿಯೇ ಹೋದವಳು ಅಂದ. ಕೇಳಿಸಲಿಲ್ಲ ಎಂದು ಕೂಗಿದೆವು. ಇನ್ನೊಮ್ಮೆ ಹೇಳಿದ. ನಾನು ಅಲ್ಲೇ ಅತ್ತುಬಿಟ್ಟೆ. ಈ ವರ್ಷವೂ ಎಡೆ ಇಳಿಸಿದ ಮೇಲೆ ಅವನಿಗೊಂದು ಪೊಟ್ಟಣ ಕಟ್ಟಿ, ಎಲ್ಲರೆದುರಿಗೇ ಕೊಡುತ್ತೇನೆ.

ಇನ್ನೊಂದು ಸುದ್ದಿ ಇದೆ. ಹಿರಿಯರ ಹಬ್ಬಕ್ಕೆ ಬೆಟ್ಟದವರಿಗೆ ರಜೆ ಎಂದು ಸಂಘದ ಒಪ್ಪಂದದಲ್ಲಿ ಸೇರಿದೆ. ಆ ರಜೆಯಲ್ಲಿ ನಾನು ಇಡುತ್ತಿರುವ ಮೊದಲ ಎಡೆ ನಿನ್ನದೇ. ಬಾಗಿಲು ಮುಚ್ಚಿಯೇ ಇರಲಿ, ನಿಧಾನವಾಗಿ ಉಣ್ಣು ಚಿಕ್ಕವ್ವ. ನನಗೆ ಬಸ್ಸಿಗೆ ಓಡುವ ಅವಸರವಿಲ್ಲ. ನಾಳೆಯೂ ರಜೆ ಇದೆ.

ನಿನ್ನ ಮಗಳಂಥವಳು,
ಶಿವಮ್ಮ