ನಿನ್ನೆ ಉಗುಳಿದ ಜಿಂಕೆ

ಟೆ ಅನಾವ್, ಏಪ್ರಿಲ್

ಅಜ್ಜಿ,

ಬೇಟೆಗಾರರ ಬಿಡಾರದಲ್ಲಿ ಅಡುಗೆಗೆ ಸೇರಿದ್ದೇನೆ. ನಿನ್ನೆ ಜಿಂಕೆಯ ಮಾಂಸವನ್ನು ನಮ್ಮ ಮನೆಯ ಕುರಿಮಾಂಸದಂತೆ ಕೊಬ್ಬಿನ ಸಮೇತ ಬೇಯಿಸಿದೆ. ಯಜಮಾನ ಡಂಕನ್ ಮೊದಲ ತುತ್ತನ್ನೇ ಉಗುಳಿ, "ನಾಳೆನೂ ಹೀಗೇ ನಾತ ಬಂದ್ರೆ ಬಸ್ಸು ಹತ್ತು," ಎಂದ.

ಇವತ್ತು ಹಳೆಯ ಅಡುಗೆಯವರಾದ ನಾಯ್ರಿ ಆಂಟಿ ಚಾಕು ತೆಗೆದುಕೊಂಡರು. "ನಾತ ಇರೋದೇ ಈ ಕೊಬ್ಬಲ್ಲಿ ಕಣೋ, ಕುರಿಮಂದೆಯವನೇ," ಎನ್ನುತ್ತ ಕೊಬ್ಬನ್ನೆಲ್ಲ ಕೆರೆದು, ಅಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಪೊರೆಯನ್ನು ಒಂದೇ ಎಳೆತಕ್ಕೆ ಬಿಡಿಸಿ ಕಿಟಕಿಗೆ ಹಿಡಿದರು. ಅದರ ಮೂಲಕ ಹಿಮದ ಬೆಟ್ಟಗಳು ಕಂಡವು, ಅಜ್ಜಿ. ಒಲೆಯನ್ನೂ ಮರೆತು ನಿಂತುಬಿಟ್ಟೆ.

ಉಳಿದ ತುಂಡುಗಳ ಪೊರೆಯನ್ನು ನಾನೇ ಬಿಡಿಸಿ, ಮಾಂಸವನ್ನು ಹುರಿದೆ. ಡಂಕನ್ ತಿಂದು, "ಕುರಿ ತಾನೇ?" ಎಂದ.

"ಅಲ್ಲ, ನಿನ್ನೆ ನೀವು ಉಗುಳಿದ ಜಿಂಕೆನೇ," ಎಂದೆ.

ಡಂಕನ್ ಖಾಲಿ ತಟ್ಟೆ ಮುಂದೆ ಚಾಚಿದ.

ಬೆರಳು ಕುಯ್ದುಕೊಂಡಿದ್ದೇನೆ, ಗಾಯ ಆಳವಿಲ್ಲ. ನಾನು ಬರುವ ಬಸ್ಸಿಗೆ ಕಾಯಬೇಡಿ.

ತಾಮಟಿ