ಹೆಬ್ಬೆರಳು ಹೋಗದ ಪ್ಯಾಂಟು

ತಾರೀಖು ಹದಿನಾಲ್ಕು, ಗುರುವಾರ
ಅಂಗಡಿಯಿಂದ, ಮಧ್ಯಾಹ್ನ

ಸಿಟ್ಟಿನಲ್ಲಿರುವ ನನ್ನ ಡ್ರೈವರಮ್ಮನಿಗೆ, ಆ ಸಿಟ್ಟಿಗೆ ಕಾರಣನಾದ ನಿನ್ನ ದರ್ಜಿ ಮಾಡುವ ಪ್ರೀತಿಯ ವಿಜ್ಞಾಪನೆ.

ನಾನು ಇಲ್ಲಿ ಕ್ಷೇಮ ಎಂದು ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಐದು ದಿನದಿಂದ ಫೋನ್ ಮಾಡುತ್ತಿದ್ದೇನೆ. ಪ್ರತಿ ಸಲವೂ ನಿನ್ನ ಅಕ್ಕನೇ ಎತ್ತಿ, ನೀನು ಸ್ನಾನಕ್ಕೆ ಹೋಗಿದ್ದೀಯ ಎನ್ನುತ್ತಾರೆ. ಐದು ದಿನ ಬಿಡದೆ ಸ್ನಾನ ಮಾಡಿದವರು ಈ ಭೂಮಿಯ ಮೇಲೆ ನೀನೊಬ್ಬಳೇ ಇರಬೇಕು. ಹಾಗಾಗಿ ಈ ಪತ್ರವನ್ನು ನನ್ನ ಷಡ್ಡಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೊಂದು ಪೊಟ್ಟಣವಿದೆ. ಪತ್ರ ಮುಗಿಯುವ ತನಕ ಅದನ್ನು ಬಿಚ್ಚಬೇಡ. ಆಗಲೇ ಬಿಚ್ಚಿದ್ದರೆ, ಹೌದು, ಅದು ನಿನ್ನ ಯೂನಿಫಾರಂ ಪ್ಯಾಂಟೇ.

ನೀನು ರಾಜೀನಾಮೆ ಬರೆದಿಟ್ಟಿದ್ದೀಯಂತೆ. ಸೋಮವಾರ ರಜೆ ಮುಗಿದು ಶಾಲೆ ತೆರೆದ ಕೂಡಲೇ ಕೊಡುತ್ತೀಯಂತೆ. ಇಪ್ಪತ್ತೆಂಟನೇ ತಾರೀಖು ಡಾಕ್ಟರ ತಕ್ಕಡಿ ಹತ್ತಿ ಮಾನ ಕಳೆದುಕೊಳ್ಳುವ ಬದಲು ನೀನಾಗಿಯೇ ಸ್ಟಿಯರಿಂಗ್ ಬಿಡುತ್ತೀಯಂತೆ. ಇಷ್ಟನ್ನೂ ನಿನ್ನ ಅಕ್ಕ, ನೀನು ಸ್ನಾನದಲ್ಲಿರುವಾಗ, ಪಿಸುಗುಟ್ಟುತ್ತಾ ಹೇಳಿದರು. ದಯವಿಟ್ಟು ಆ ಕಾಗದ ಕೊಡಬೇಡ. ನಿನ್ನ ತೂಕ ಇಳಿದಿದೆ. ಇಳಿದಿಲ್ಲ ಎಂದು ನಿನಗೆ ಅನ್ನಿಸಿದ್ದು ನನ್ನಿಂದ.

ಈಗ ನೀನು ಪತ್ರ ಮಡಿಸಿ ಎಸೆದಿರುತ್ತೀಯ. ಎತ್ತಿಕೋ. ಇನ್ನೂ ಇದೆ.

ಮೂರು ತಿಂಗಳಲ್ಲಿ ಏಳು ಕಿಲೋ ಇಳಿಸದಿದ್ದರೆ ಬಸ್ಸು ಓಡಿಸಲು ಬಿಡುವುದಿಲ್ಲ ಎಂದು ಶಾಲೆಯ ಡಾಕ್ಟರು ಹೇಳಿದ ದಿನ ನೀನು ಅಳಲಿಲ್ಲ. ನೇರವಾಗಿ ಆಹಾರ ಸಲಹೆ ಕೊಡುವ ಆ ಹುಡುಗಿಯ ಹತ್ತಿರ ಹೋಗಿ ಒಂದು ಪಟ್ಟಿ ತಂದೆ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಬೇಳೆಯೋ ಮೊಟ್ಟೆಯೋ, ಉಳಿದ ಕಾಲು ತಟ್ಟೆ ಅನ್ನ. ನೀನು ಮುಂಜಾನೆಯೇ ಬಸ್ಸಿಗೆ ಹೋಗುವವಳು, ಅಡುಗೆ ನನ್ನದು. ಕಾಲು, ಅರ್ಧ ಎಂದರೆ ನನಗೆ ಕಣ್ಣಂದಾಜು ಸಾಲದು, ಗೆರೆ ಬೇಕು. ಅದಕ್ಕೇ ನಿನ್ನ ತಟ್ಟೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಡಿಸಿದೆ. ಎಲೆಕೋಸಿಗೆ ಯಾಕೆ ಗೋಡೆಯ ರುಚಿ ಬರುತ್ತಿದೆ ಎಂದು ನೀನು ನಾಲ್ಕು ದಿನ ಕೇಳಿದೆ. ಐದನೇ ದಿನ ತಟ್ಟೆ ಎತ್ತಿ ನೋಡಿದೆ. ಆಮೇಲೆ ಗೆರೆಯನ್ನು ತಟ್ಟೆಯ ಹೊರಗಿನ ಅಂಚಿಗೆ ಹಾಕುವುದೆಂದು ರಾಜಿಯಾಯಿತು. ಅವತ್ತು ನಾವು ಎಷ್ಟು ನಕ್ಕಿದ್ದೆವು, ನೆನಪಿದೆಯೇ?

ಆ ಹುಡುಗಿ ಇನ್ನೊಂದು ಮಾತು ಹೇಳಿದ್ದಳು. ದಿನಾ ತಕ್ಕಡಿ ಹತ್ತಬೇಡಿ, ಬಟ್ಟೆ ಸಡಿಲವಾಗುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡಿಕೊಳ್ಳಿ, ಅಷ್ಟು ಸಾಕು ಎಂದು. ನೀನು ಅದನ್ನೇ ಹಿಡಿದೆ. ನಮ್ಮ ಮನೆಯ ತಕ್ಕಡಿಯನ್ನು ಹಳೇ ಪೇಪರಿನವನಿಗೆ ಕೊಟ್ಟೇಬಿಟ್ಟೆ. ಪ್ರತಿ ಶನಿವಾರ ಬೆಳಿಗ್ಗೆ ಒಗೆದ ಯೂನಿಫಾರಂ ಹಾಕಿಕೊಂಡು, ಅಂಗಡಿಯ ಉದ್ದ ಕನ್ನಡಿಯ ಮುಂದೆ ನಿಂತು, ಉಸಿರು ಬಿಟ್ಟು, ಪ್ಯಾಂಟಿನ ಸೊಂಟದೊಳಗೆ ಹೆಬ್ಬೆರಳು ತೂರಿಸುವುದು. ಅದು ನಿನ್ನ ಪರೀಕ್ಷೆ. ಮನೆಯಲ್ಲಿ ನೀನು ಹಾಕುವ ನಿಲುವಂಗಿ ಗುಡಾರದಂತಿರುವುದರಿಂದ ಅದು ಸಾಕ್ಷಿ ಹೇಳುವಂತಿರಲಿಲ್ಲ.

ಇನ್ನು ನನ್ನ ಪಾಪಕ್ಕೆ ಬರುತ್ತೇನೆ.

ಶುಕ್ರವಾರ ನಿನ್ನ ಯೂನಿಫಾರಂ ಇಸ್ತ್ರಿ ಮಾಡುವವನು ನಾನು. ಎರಡನೇ ಶುಕ್ರವಾರ ನೀನು ಬಸ್ಸಿನಿಂದ ಇಳಿದು ಬರುವಾಗ ನೋಡಿದೆ. ಪ್ಯಾಂಟಿನ ಹಿಂಭಾಗ ಜೋತು ಬಿದ್ದಿತ್ತು. ದರ್ಜಿಯ ಹೆಂಡತಿ ಜೋತುಬಿದ್ದ ಪ್ಯಾಂಟು ಹಾಕಿಕೊಂಡು ಬೀದಿಯಲ್ಲಿ ನಡೆಯುವುದೆಂದರೇನು? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇಸ್ತ್ರಿಗೆಂದು ತೆಗೆದುಕೊಂಡವನು ಸೊಂಟದ ಹೊಲಿಗೆ ಬಿಚ್ಚಿ, ಕಾಲು ಇಂಚು ಒಳಕ್ಕೆ ಹಿಡಿದು ಮತ್ತೆ ಹೊಲಿದೆ. ನಾನು ಮಾಡಿದೆ ಎನ್ನುವುದಕ್ಕಿಂತ ಕೈ ಮಾಡಿತು ಎನ್ನಬೇಕು. ನೀನು ಗೇರು ಬದಲಿಸುವಾಗ ಯೋಚಿಸುತ್ತೀಯಾ?

ಆಮೇಲೆ ಅದೇ ಅಭ್ಯಾಸವಾಯಿತು. ಹೆಚ್ಚಿನ ಶುಕ್ರವಾರ ಕಾಲು ಇಂಚು, ಒಮ್ಮೊಮ್ಮೆ ಅರ್ಧ. ಎರಡು ಜೊತೆ ಯೂನಿಫಾರಮ್ಮಿಗೂ. ಶನಿವಾರ ನೀನು ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ. ಹೆಬ್ಬೆರಳು ಹೋಗುತ್ತಿರಲಿಲ್ಲ. ಹೋಗುವುದು ಹೇಗೆ, ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಿನ್ನ ಹೆಬ್ಬೆರಳಿಗೂ ನನ್ನ ಹೊಲಿಗೆಗೂ ಸಂಬಂಧವಿದೆ ಎಂದು ನನಗೆ ಹೊಳೆದದ್ದು ನೀನು ಹೊರಟುಹೋದ ಮೇಲೆ.

ನೀನು ಮಾತ್ರ ಬಿಡಲಿಲ್ಲ. ಅದನ್ನು ಹೇಳಲೇಬೇಕು. ಐದನೇ ವಾರ ಸಕ್ಕರೆ ಬಿಟ್ಟೆ. ಏಳನೇ ವಾರ ಸಂಜೆಯ ಬಿಸ್ಕತ್ತು ಬಿಟ್ಟೆ. ಮಕ್ಕಳು ಹುಟ್ಟುಹಬ್ಬದ ಚಾಕಲೇಟು ಕೊಟ್ಟರೆ ನಗುನಗುತ್ತಾ ತೆಗೆದುಕೊಂಡು, ಒಂದನ್ನೂ ಬಾಯಿಗೆ ಹಾಕದೆ ನನಗೆ ತಂದುಕೊಟ್ಟೆ. ಎಲ್ಲವನ್ನೂ ನಾನು ತಿಂದೆ, ಆ ವಿಷಯ ಇಲ್ಲಿ ಬೇಡ. ಶಾಲೆ ಬಿಡುವ ತನಕ ಬಸ್ಸು ನಿಲ್ಲಿಸಿ ಕಾಯುವ ಅರ್ಧ ಗಂಟೆಯಲ್ಲಿ ಮೈದಾನಕ್ಕೆ ಆರು ಸುತ್ತು ಹಾಕಿದೆ. ಬಸ್ಸಿನ ಆಯಾ ನಿನ್ನ ಮುಖ ಇಳಿದುಹೋಗಿದೆಯಲ್ಲ ಎಂದಾಗ, ನಿದ್ದೆ ಸಾಲುತ್ತಿಲ್ಲ ಎಂದೆ. ಆಯಾಳನ್ನು ನಂಬದೆ ಪ್ಯಾಂಟನ್ನು ನಂಬಿದೆ.

ಹನ್ನೆರಡನೇ ಶನಿವಾರವೂ ಹೆಬ್ಬೆರಳು ಹೋಗಲಿಲ್ಲ. ನೀನು ನೇರವಾಗಿ ಹೋಗಿ ಬೇಕರಿಯಿಂದ ಇಡೀ ಕೇಕು ಕೊಂಡು, ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ಮಕ್ಕಳ ನೀರಿನ ಬಾಟಲಿಯ ಮುಚ್ಚಳದಿಂದ ಬಗೆದು ತಿಂದೆಯಂತೆ. ಆಯಾ ಹೇಳಿದಳು. ಮನೆಗೆ ಬಂದಾಗ ಮೂಗಿನ ಮೇಲೆ ಕ್ರೀಮಿತ್ತು. ಆಗ ನಾನು ಆಡಬಾರದ ಮಾತು ಆಡಿದೆ: "ಹೋಗ್ಲಿ ಬಿಡು, ನೀನು ಹೇಗಿದ್ರೂ ನಂಗೆ ಚೆಂದಾನೇ."

ನೀನು ಮೂಗು ಒರೆಸಿಕೊಂಡು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಿಮಗೆ ಚೆಂದ ಕಾಣೋಕೆ ಸೌತೆಕಾಯಿ ತಿಂದೆ ಅಂದ್ಕೊಂಡ್ರಾ? ಆ ಬಸ್ಸು ನನ್ನದು ರೀ. ನಲವತ್ತು ಮಕ್ಕಳು ನನ್ನ ನಂಬಿ ಹತ್ತುತ್ತವೆ. ಅದು ಕೈ ತಪ್ಪಿಹೋಗ್ತಾ ಇದೆ, ನೀವು ಹೋಗ್ಲಿ ಬಿಡು ಅಂತೀರಿ." ಹಾಗೆಂದವಳು ಚೀಲ ತುಂಬಿಕೊಂಡು ಅಕ್ಕನ ಮನೆಗೆ ಹೋದೆ.

ನಿನ್ನೆ ಎರಡು ಪ್ಯಾಂಟನ್ನೂ ಮೇಜಿನ ಮೇಲೆ ಹರಡಿದೆ. ಎಷ್ಟೇ ಹಿಡಿದರೂ ಒಳಗಿನ ಬಟ್ಟೆಯನ್ನು ಕತ್ತರಿಸುವವನಲ್ಲ ನಾನು. ಎಲ್ಲಾ ಮಡಿಕೆಯೂ ಹಾಗೇ ಇತ್ತು. ಹೊಲಿಗೆ ಬಿಚ್ಚುತ್ತಾ ಹೋದೆ, ಪ್ಯಾಂಟು ಅಗಲವಾಗುತ್ತಾ ಹೋಯಿತು. ಟೇಪು ಹಿಡಿದು ನೋಡಿದರೆ ಮೂರೂವರೆ ಇಂಚು. ಮೇಜಿನ ಮುಂದೆ ಒಬ್ಬನೇ ನಿಂತು ನನಗೆ ಅಳು ಬಂತು. ಅಷ್ಟು ಹೊತ್ತಿಗೆ ಗಿರಾಕಿಯೊಬ್ಬರು ಬಂದರು. ಕಣ್ಣಿಗೆ ದೂಳು ಬಿತ್ತು ಎಂದೆ. ಅವರು ಅಂಗಿಯ ಕಾಲರಿನ ಬಗ್ಗೆ ದೂರು ಹೇಳಲು ಬಂದಿದ್ದವರು, ಹೇಳದೆ ಹೋದರು.

ಪೊಟ್ಟಣದಲ್ಲಿರುವುದು ಅವುಗಳಲ್ಲೊಂದು ಪ್ಯಾಂಟು. ಮೂರು ತಿಂಗಳ ಹಿಂದೆ ಪಟ್ಟಿ ತಂದ ದಿನ ಎಷ್ಟಿತ್ತೋ ಅಷ್ಟೇ ಅಳತೆಗೆ ಮತ್ತೆ ಹೊಲಿದಿದ್ದೇನೆ. ಕೋಣೆಯ ಬಾಗಿಲು ಹಾಕಿಕೊಂಡು ತೊಟ್ಟು ನೋಡು. ಷಡ್ಡಕನ ಎದುರು ಮಾತ್ರ ಬೇಡ, ಕೈಯಲ್ಲಿ ಹಿಡಿದುಕೊಳ್ಳದಿದ್ದರೆ ಅದು ನಿಲ್ಲುವುದಿಲ್ಲ. ಹೆಬ್ಬೆರಳಲ್ಲ, ಇಡೀ ಅಂಗೈ ಹೋಗುತ್ತದೆ. ಕಿಲೋ ಎಷ್ಟು ಎಂದು ನಾನು ಹೇಳಲಾರೆ, ನನಗೆ ಗೊತ್ತಿರುವುದು ಇಂಚು ಒಂದೇ. ಏಳು ಕಿಲೋ ಆಗಿದೆಯೋ, ಒಂದೆರಡು ಬಾಕಿ ಇದೆಯೋ. ಅದಕ್ಕೇ ಈ ಎರಡು ವಾರ ಮುಖ್ಯ.

ಐದು ದಿನ ಅಕ್ಕನ ಕೈರುಚಿ ಉಂಡಿದ್ದೀಯ. ಉಂಡರೆ ಉಂಡೆ. ಒಂದು ಹೊಲಿಗೆ ತಪ್ಪಿದರೆ ಯಾರೂ ಅಂಗಿಯನ್ನೇ ಹರಿದು ಎಸೆಯುವುದಿಲ್ಲ, ಅಷ್ಟನ್ನೇ ಬಿಚ್ಚಿ ಮುಂದಕ್ಕೆ ಹೊಲಿಯುತ್ತಾರೆ. ಇವತ್ತು ಸಂಜೆಯಿಂದಲೇ ಶುರುಮಾಡು. ಭಾನುವಾರ ಬಾ. ತರಕಾರಿ ತಂದಿಟ್ಟಿದ್ದೇನೆ, ತಟ್ಟೆಯ ಅಂಚಿಗೆ ಗೆರೆ ಹಾಕಿದ್ದೇನೆ. ಬೈಯುವುದಿದ್ದರೆ ಬಂದು ಬೈ, ಮಾಡಿದ್ದುಣ್ಣೋ ಮಹಾರಾಯ ಎಂದು ಕೂತು ಕೇಳುತ್ತೇನೆ. ರಾಜೀನಾಮೆಯನ್ನು ಮಾತ್ರ ಹರಿದುಹಾಕು.

ನಿನ್ನನ್ನು ಕಾಯುತ್ತಿರುವ,
ಅಪರಾಧಿ ದರ್ಜಿ

ಮರೆತಿದ್ದು: ಮರೆತದ್ದೇನಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಪತ್ರ ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀನು ಹೋದ ಮೇಲೆ ಹೊಳೆಯಿತು ಎಂದು ಬರೆದದ್ದು ಸುಳ್ಳು. ಎರಡನೇ ಶನಿವಾರವೇ, ನಿನ್ನ ಮುಖ ನೋಡಿದಾಗಲೇ, ನನಗೆ ಗೊತ್ತಾಗಿತ್ತು. ಅವತ್ತು ಸಂಜೆ ನಿಜ ಹೇಳಬೇಕೆಂದು ಬಂದೆ. ನೀನು ಬಟ್ಟೆ ಮಡಿಸುತ್ತಾ ಹೇಳಿದೆ: "ಸಣ್ಣ ಆದ್ಮೇಲೆ ಮೊದಲನೇ ಕೆಲಸ, ಶೋರೂಮಿಗೆ ಹೋಗಿ ಅಲ್ಲಿ ನೇತುಹಾಕಿರೋದನ್ನೇ ಕೊಂಡು ಹಾಕ್ಕೊಳ್ಳೋದು. ಎಲ್ಲರ ಹಾಗೆ." ಇಪ್ಪತ್ತೆರಡು ವರ್ಷದಿಂದ ನೀನು ಹೊರಗಿನ ಹೊಲಿಗೆ ತೊಟ್ಟವಳಲ್ಲ. ಶೋರೂಮಿನದು ನಿನಗೆ ಸರಿಹೋಗಿಬಿಟ್ಟರೆ ನಿನಗೆ ನಾನು ಯಾಕೆ ಬೇಕು ಎಂದು ಹೆದರಿದೆ. ಮೊದಲ ಸಲ ಕೈ ಮಾಡಿದ್ದು ನಿಜ. ಉಳಿದ ಹತ್ತು ಶುಕ್ರವಾರ ಮಾಡಿದವನು ನಾನೇ. ಬಾ, ಶೋರೂಮಿಗೆ ಒಟ್ಟಿಗೇ ಹೋಗೋಣ. ನಾನು ಹೊರಗೆ ನಿಂತಿರುತ್ತೇನೆ. ಅಲ್ಲಿನ ಪ್ಯಾಂಟಿನ ಕಾಲು ಉದ್ದವಾಗಿದ್ದರೂ, ನೀನಾಗಿ ಕೇಳುವ ತನಕ, ಕತ್ತರಿಸಿ ಮಡಿಸಿಕೊಡುತ್ತೇನೆ ಎನ್ನುವುದಿಲ್ಲ.